ಜಾಲಿ ಕಡಿದರೆ ಸಾಲದು, ಬೊಡ್ಡೆ ಕೀಳಬೇಕು

ಮಾನ್ಯ ಸಂಪಾದಕರೇ,

ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ಅಂಚಿನ ಊರು ನಮ್ಮದು. ಅಜ್ಜನ ಕಾಲದಿಂದಲೂ ಮನೆಯಲ್ಲಿ ಕುರಿ ಇವೆ. ಹೋದ ವರ್ಷ ಬೇಸಿಗೆಯಲ್ಲಿ ಊರ ದನ–ಕುರಿ ಮೇಯುವ ಗಾಯರಾಣದಲ್ಲಿ ಹಬ್ಬಿದ್ದ, ಹೊರದೇಶದಿಂದ ಬಂದ ಮುಳ್ಳುಗಿಡ ಬಳ್ಳಾರಿ ಜಾಲಿ ತೆಗೆಯಲು ಯಂತ್ರ ಬಂತು. ಎರಡೇ ದಿನದಲ್ಲಿ ನೆಲಮಟ್ಟಕ್ಕೆ ಸವರಿ ಹೋದರು. ಮಳೆ ಬಿದ್ದ ಮೇಲೆ ನೋಡಿದರೆ ಕಡಿದು ಉಳಿದ ಒಂದೊಂದು ಬೊಡ್ಡೆಗೆ ಏಳೆಂಟು ಟಿಸಿಲು! ಮೊದಲು ಕುರಿ ನುಸುಳುತ್ತಿದ್ದ ಜಾಗದಲ್ಲಿ ಈಗ ನಾಯಿಯೂ ನುಸುಳದು. ಜೊತೆಗೆ ಕರಿಜಾಲಿಯನ್ನೂ ಕೆಡವಿದ್ದರು. ಉಂಡೆಯಂಥ ಹಳದಿ ಹೂ, ಮಣಿ ಪೋಣಿಸಿದಂಥ ಕಾಯಿ ಬಿಡುವ, ಕುಂಟಿ–ಕೂರಿಗೆಗೆ ಒದಗುವ ನಮ್ಮ ನೆಲದ ಮರ ಅದು.

ಬಳ್ಳಾರಿ ಜಾಲಿ ಚಿಗುರುವುದು ಬೊಡ್ಡೆಯ ನೆಲದೊಳಗಿನ ಭಾಗದಿಂದ. ಒಂದಡಿ ಅಗೆದು ಬುಡಸಮೇತ ಕಿತ್ತರೆ ಸಾಯುತ್ತದೆ. ಹಾಗಾಗಿ ನಾವು ಹದಿನಾಲ್ಕು ಮನೆಯವರು ಎತ್ತು ಹೂಡದ ಸೋಮವಾರಗಳಂದು ಗುದ್ದಲಿ, ಹಾರೆ ಹಿಡಿದು ಹೋಗುತ್ತಿದ್ದೇವೆ. ಎರಡು ಎಕರೆ ಆಗಿದೆ, ಅಷ್ಟೇ. ಆದರೆ ಅಲ್ಲಿ ಕರಡ ಹುಲ್ಲು ಮೊಳಕಾಲೆತ್ತರ ಎದ್ದಿದೆ. ಕಾರ್ತೀಕದ ಒಂದು ಬೆಳಗ್ಗೆ ಒಂಬತ್ತು ಚಿಗರಿ, ಅಂದರೆ ಕೃಷ್ಣಮೃಗ, ಮೇಯುತ್ತಿದ್ದುದನ್ನು ನಾನೇ ಎಣಿಸಿದೆ. ದೂರದಿಂದ ಕಂಡು, ಓಡಿ ಜೀವ ಉಳಿಸಿಕೊಳ್ಳುವ ಪ್ರಾಣಿಗೆ ಬಯಲೇ ಮನೆ. 1974ರಲ್ಲಿ 119 ಚದರ ಕಿ.ಮೀ. ಅಭಯಾರಣ್ಯವಾದದ್ದು ಚಿಗರಿಗಾಗಿಯೇ. ಆ ಬಯಲನ್ನು ನೀಲಗಿರಿ ತೋಪು, ಜಾಲಿ ಎರಡೂ ನುಂಗಿದವು. ಎರೆಭೂತ ಹಕ್ಕಿಯನ್ನು ಅಜ್ಜ ಇಲ್ಲೇ ಕಂಡಿದ್ದ. ನಾನು ಕಾಣಲಿಲ್ಲ.

ತಪ್ಪು ನಮ್ಮದೂ ಇದೆ. ಬೇಸಿಗೆಯಲ್ಲಿ ಕುರಿಗೆ ಜಾಲಿಕಾಯಿಯೇ ಮೇವು. ಬೀಜ ಹೊಟ್ಟೆಯಲ್ಲಿ ಕರಗದೆ ಹಿಕ್ಕೆಯಲ್ಲಿ ಬಿದ್ದು ಮೊಳೆಯುತ್ತದೆ. ಗೊಬ್ಬರಕ್ಕೆಂದು ಹಿಂಡು ನಿಲ್ಲಿಸಿದ ಹೊಲಗಳಿಗೂ ಹಾಗೆಯೇ ಹೋಯಿತು. ಈಗ ಕಾಯಿ ಆರಿಸಿ, ಗರಿಗರಿಯಾಗಿ ಒಣಗಿಸಿ, ಬೀಜ ಪುಡಿಯಾಗುವಂತೆ ಗಿರಣಿಯಲ್ಲಿ ಬೀಸಿಸಿ ಹಾಕುತ್ತಿದ್ದೇವೆ.

ಸಂಬಂಧಪಟ್ಟವರಲ್ಲಿ ಕೇಳುವುದಿಷ್ಟು. ಉದ್ಯೋಗ ಖಾತ್ರಿಯಲ್ಲಿ ಜಾಲಿ ತೆಗೆಸಿದರೆ ಸವರಿದ ಎಕರೆಗೆ ಅಲ್ಲ, ಕಿತ್ತ ಬೊಡ್ಡೆಗೆ ಕೂಲಿ ಲೆಕ್ಕ ಹಾಕಿ. ಮುಂದಿನ ಎರಡು ಮಳೆಗಾಲ ಸಸಿ ಕೀಳುವ ಕೂಲಿಯನ್ನೂ ಅದರಲ್ಲೇ ಸೇರಿಸಿ. ಕಟ್ಟಿಗೆಯನ್ನು ಲಾರಿಗೆ ತುಂಬಿಸಬೇಡಿ. ಇದೇ ಜಾಲಿಯಿಂದ ಒಲೆ ಉರಿಸುವ ಹೆಣ್ಣುಮಕ್ಕಳು ಊರಲ್ಲಿದ್ದಾರೆ, ಮೊದಲು ಅವರಿಗೆ ಕೊಡಿ. ಯಾವುದು ಬಳ್ಳಾರಿ ಜಾಲಿ, ಯಾವುದು ಕರಿಜಾಲಿ ಎಂದು ತೋರಿಸಲು ನಮ್ಮೂರ ಕುರಿಗಾರರು ಯಾವ ಊರಿಗೆ ಕರೆದರೂ ಬರುತ್ತೇವೆ.

– ಒಬ್ಬ ಕುರಿಗಾರ, ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ