ಹಳೆ ಗುಲಾಬಿ ತಳಿಗಳಿಗೆ ಲಾಲ್‌ಬಾಗಿನಲ್ಲಿ ಹತ್ತು ಗುಂಟೆ ಕೊಡಿ: ತೋಟಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ತೋಟಗಾರಿಕೆ ಸಚಿವರಿಗೆ,

ವಂದನೆಗಳು.

ವಿಷಯ: ಹಳೆಯ ಗುಲಾಬಿ ತಳಿಗಳನ್ನು ಹೆಸರು ಸಮೇತ ಉಳಿಸಿಕೊಳ್ಳಲು ಲಾಲ್‌ಬಾಗಿನಲ್ಲಿ ಪ್ರತ್ಯೇಕ ಮಡಿಗಳನ್ನು ಮಾಡಿಸುವ ಬಗ್ಗೆ.

ನಾವು ಗುಲಾಬಿ ಬೆಳೆಯುವವರು, ಕಸಿ ಕಟ್ಟುವವರು. ನಮ್ಮ ಕೋರಿಕೆ ಚಿಕ್ಕದು: 240 ಎಕರೆಯ ಲಾಲ್‌ಬಾಗಿನಲ್ಲಿ ಹತ್ತು ಗುಂಟೆ ಬಿಸಿಲಿನ ಜಾಗ, ಅದಕ್ಕೆಂದೇ ಇಬ್ಬರು ಕಾಯಂ ಮಾಲಿಗಳು, ಹೂವಿನ ಪ್ರದರ್ಶನಕ್ಕೆ ಸಂಬಂಧವಿಲ್ಲದ ಬೇರೆ ಚಾಟನಿ (ಕೊಂಬೆ ಸವರುವ) ವೇಳಾಪಟ್ಟಿ, ಮತ್ತು ಪ್ರತಿ ಗಿಡಕ್ಕೂ ಒಂದು ದಾಖಲೆ. ಇಷ್ಟೇ ಯಾಕೆ ಸಾಕು, ಇದಕ್ಕಿಂತ ಕಡಿಮೆಯಾದರೆ ಯಾಕೆ ಕೆಲಸ ಕೆಡುತ್ತದೆ ಎಂಬುದನ್ನು ವಿವರಿಸಲು ಈ ಪತ್ರ.

ರಾಗಿ, ಅವರೆಯ ನಾಟಿ ತಳಿಗಳನ್ನು ಬೀಜ ಒಣಗಿಸಿ ಡಬ್ಬಿಯಲ್ಲಿ ಇಟ್ಟು ಉಳಿಸಬಹುದು. ಗುಲಾಬಿಗೆ ಆ ದಾರಿ ಇಲ್ಲ. ಬೀಜ ಹಾಕಿದರೆ ಹುಟ್ಟುವುದು ಬೇರೆಯದೇ ಗಿಡ. ತಾಯಿಯ ಬಣ್ಣವೂ ಬರುವುದಿಲ್ಲ, ಪರಿಮಳವೂ ಬರುವುದಿಲ್ಲ. ಒಂದು ತಳಿ ಬದುಕಿರುವುದು ಎಲ್ಲೋ ಒಂದು ಕಡೆ ಆ ಗಿಡ ಬದುಕಿರುವಷ್ಟು ದಿನ, ಅದರಿಂದ ಯಾರಾದರೂ ಕಡ್ಡಿ ತೆಗೆದು ಇನ್ನೊಂದು ಗಿಡ ಮಾಡುವಷ್ಟು ದಿನ ಮಾತ್ರ. ಕೊನೆಯ ಗಿಡ ಒಣಗಿತೆಂದರೆ ತಳಿಯೇ ಹೋಯಿತು.

ಹಳೆಯ ತಳಿ ಎಂದರೆ ಯಾವುದು ಎಂದು ಕೇಳಬಹುದು. 1867ರಲ್ಲಿ ಫ್ರಾನ್ಸಿನಲ್ಲಿ ಬಂದ 'ಲಾ ಫ್ರಾನ್ಸ್' ಎಂಬ ಹೈಬ್ರಿಡ್ ಟೀ ಗುಲಾಬಿಯನ್ನು ಗಡಿಯಾಗಿಟ್ಟುಕೊಂಡು, ಅದಕ್ಕಿಂತ ಮೊದಲೇ ಇದ್ದ ವರ್ಗಗಳನ್ನು ಜಗತ್ತಿನಾದ್ಯಂತ ಹಳೆ ಗುಲಾಬಿ ಎನ್ನುತ್ತಾರೆ: ಡಮಾಸ್ಕ್, ಚೈನಾ, ಟೀ, ಬೂರ್ಬಾನ್, ನ್ವಾಸೆಟ್ ಮುಂತಾದವು. ನಮ್ಮ ಕಡೆ ಪನ್ನೀರು ಗುಲಾಬಿ ಎಂದು ಕರೆಯುವ 'ಎಡ್ವರ್ಡ್' ಬೂರ್ಬಾನ್ ವರ್ಗದ್ದು. ಆ ವರ್ಗದ ಮೂಲ ಹಿಂದೂ ಮಹಾಸಾಗರದ ಬೂರ್ಬಾನ್ ದ್ವೀಪ, ಅಂದರೆ ಇಂದಿನ ರಿಯೂನಿಯನ್. ಅಲ್ಲಿ ಡಮಾಸ್ಕ್ ಮತ್ತು ಚೈನಾ ಗುಲಾಬಿಗಳು ತಾವಾಗಿಯೇ ಬೆರೆತು ಅದು ಹುಟ್ಟಿತು. ಹಳೆ ಬಂಗಲೆಗಳ ಕಮಾನಿನ ಮೇಲೆ ಹಬ್ಬುತ್ತಿದ್ದ ಹಳದಿ 'ಮಾರೆಶಾಲ್ ನೀಲ್' 1864ರದ್ದು. ಇವುಗಳ ಜೊತೆಗೆ ನಮ್ಮ ದೇಶದಲ್ಲೇ ಡಾ. ಬಿ.ಪಿ. ಪಾಲ್ ಮತ್ತು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಅರವತ್ತು, ಎಪ್ಪತ್ತರ ದಶಕದಲ್ಲಿ ಬೆಳೆಸಿದ 'ಡೆಲ್ಲಿ ಪ್ರಿನ್ಸೆಸ್', 'ಮೋಹಿನಿ'ಯಂಥ ತಳಿಗಳನ್ನೂ ಸೇರಿಸಬೇಕು ಎಂಬುದು ನಮ್ಮ ಅಭಿಪ್ರಾಯ. ವಿದೇಶದ ಹಳೆ ತಳಿ ಇಲ್ಲಿ ಹೋದರೂ ಜರ್ಮನಿಯ ಸಾಂಗರ್‌ಹೌಸೆನ್ ಗುಲಾಬಿ ತೋಟದಲ್ಲೋ ಇನ್ನೆಲ್ಲೋ ಸಿಗಬಹುದು. ನಮ್ಮವರೇ ಬೆಳೆಸಿದ್ದು ನಮ್ಮಲ್ಲಿ ಹೋದರೆ ಹುಡುಕಲು ಬೇರೆ ಜಾಗವಿಲ್ಲ.

ಬೆಂಗಳೂರಿನ ಹವೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಟೀ ಮತ್ತು ಚೈನಾ ವರ್ಗದವು ಹಿಮ ಬೀಳುವ ಊರುಗಳಲ್ಲಿ ಸಾಯುತ್ತವೆ, ಇಲ್ಲಿ ವರ್ಷವಿಡೀ ಚಿಗುರುತ್ತವೆ. 900 ಮೀಟರಿಗೂ ಮೇಲಿನ ಎತ್ತರ, ನೀರು ಬಸಿಯುವ ಕೆಮ್ಮಣ್ಣು, ಸುಡದ ಬೇಸಿಗೆ, ಇವೆಲ್ಲ ಅವುಗಳಿಗೆ ಬೇಕಾದದ್ದೇ.

ಹಾಗಿದ್ದರೂ ಸಾರ್ವಜನಿಕ ತೋಟಗಳಲ್ಲಿ ಹಳೆ ತಳಿಗಳು ಹೇಗೆ ಕಾಣೆಯಾಗುತ್ತವೆ? ನಮ್ಮ ಅನುಭವದಲ್ಲಿ ಮುಖ್ಯ ಕಾರಣ ರೋಗವಲ್ಲ, ಬೇರುಸಸಿ. ನರ್ಸರಿಯಿಂದ ಬರುವ ಗಿಡ ಸಾಮಾನ್ಯವಾಗಿ ಕಣ್ಣು ಕಸಿಯದ್ದು: ಕೆಳಗೆ ಕಾಡು ಬಗೆಯ ಬೇರು, ಮೇಲೆ ನಮಗೆ ಬೇಕಾದ ತಳಿ. ಕಸಿಯ ಗಂಟಿನ ಕೆಳಗಿಂದ ಒಂದು ಚಿಗುರು ಎದ್ದರೆ ಅದು ಮೇಲಿನದಕ್ಕಿಂತ ಜೋರಾಗಿ ಬೆಳೆಯುತ್ತದೆ. ಗೊತ್ತಿಲ್ಲದವರಿಗೆ ಅದೇ ಒಳ್ಳೆ ಕೊಂಬೆ ಎನಿಸುತ್ತದೆ. ಅದನ್ನು ಉಳಿಸಿ, ಸೊರಗಿದ ಹಳೆ ಕೊಂಬೆಯನ್ನು ಕಡಿಯುತ್ತಾರೆ. ಎರಡು ವರ್ಷದಲ್ಲಿ ಫಲಕದ ಮೇಲೆ ಒಂದು ಹೆಸರು, ಗಿಡದ ಮೇಲೆ ಬೇರೆ ಹೂವು. ಗಿಡ ಹಸಿರಾಗಿ ನಿಂತಿರುವುದರಿಂದ ತಳಿ ಸತ್ತಿದ್ದು ಲೆಕ್ಕಕ್ಕೇ ಬರುವುದಿಲ್ಲ.

ಇದನ್ನು ಹೂ ಬರುವ ಮುಂಚೆಯೇ ಗುರುತಿಸಬಹುದು. ಬೇರುಸಸಿ ಮಲ್ಟಿಫ್ಲೋರಾ ಎಂಬ ಕಾಡು ಗುಲಾಬಿ ಆಗಿದ್ದರೆ ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಜಾಗ ನೋಡಿ. ಅಲ್ಲಿ ತೊಟ್ಟಿನ ಎರಡೂ ಬದಿಗೆ ಅಂಟಿಕೊಂಡ ಪುಟ್ಟ ಹಸಿರು ರೆಕ್ಕೆಗಳಿರುತ್ತವೆ. ಮಲ್ಟಿಫ್ಲೋರಾದಲ್ಲಿ ಅದರ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿಕೊಂಡಿರುತ್ತದೆ. ಟೀ, ಚೈನಾ ಗುಲಾಬಿಗಳಲ್ಲಿ ಅಂಚು ಹೆಚ್ಚುಕಡಿಮೆ ನಯ. ಬೆರಳಲ್ಲಿ ಎಲೆ ಹಿಡಿದು ನೋಡಿದರೆ ಅರ್ಧ ನಿಮಿಷದ ಕೆಲಸ. ಅಂಥ ಚಿಗುರನ್ನು ಕತ್ತರಿಯಿಂದ ಕತ್ತರಿಸಬಾರದು, ಕತ್ತರಿಸಿದಲ್ಲಿ ಎರಡು ಮೂರಾಗಿ ಮತ್ತೆ ಬರುತ್ತದೆ. ಮಣ್ಣು ಬಿಡಿಸಿ, ಅದು ಹುಟ್ಟಿದ ಬುಡದಿಂದಲೇ ಕಿತ್ತು ತೆಗೆಯಬೇಕು. ಪನ್ನೀರು ಗುಲಾಬಿಯನ್ನೂ ಬೇರುಸಸಿಯಾಗಿ ಬಳಸುವುದುಂಟು. ಅಲ್ಲಿ ಈ ಗುರುತು ನಡೆಯುವುದಿಲ್ಲ, ಹೂವನ್ನೇ ಕಾಯಬೇಕು.

ಆದ್ದರಿಂದ ಸಂರಕ್ಷಣೆಯ ಮಡಿಯಲ್ಲಿ ಆದಷ್ಟೂ ಸ್ವಂತ ಬೇರಿನ ಗಿಡಗಳೇ ಇರಲಿ. ಹೂ ಬಿಟ್ಟು ಮುಗಿದ, ಪೆನ್ಸಿಲ್ ದಪ್ಪದ ಕೊಂಬೆಯಿಂದ 15ರಿಂದ 20 ಸೆಂಟಿಮೀಟರ್ ಕಡ್ಡಿ ತೆಗೆಯಬೇಕು. ಬಲಿತಿದೆಯೇ ಎಂದು ತಿಳಿಯಲು ಮುಳ್ಳನ್ನು ಪಕ್ಕಕ್ಕೆ ಒತ್ತಿ ನೋಡಿದರೆ ಸಾಕು: ಟಕ್ಕನೆ ಮುರಿದರೆ ಸರಿ, ಬಾಗಿ ಸಿಪ್ಪೆ ಸುಲಿದುಕೊಂಡು ಬಂದರೆ ಇನ್ನೂ ಎಳೆಯದು. ಮೇಲಿನ ಒಂದೆರಡು ಎಲೆ ಬಿಟ್ಟು ಉಳಿದದ್ದು ತೆಗೆದು, ಬುಡವನ್ನು ಬೇರು ಬರಿಸುವ ಐಬಿಎ ಪುಡಿಯಲ್ಲಿ ಅದ್ದಿ, ಮರಳು ಮತ್ತು ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿದ ಚೀಲದಲ್ಲಿ ನೆರಳಲ್ಲಿ ಇಟ್ಟರೆ ಐದಾರು ವಾರಕ್ಕೆ ಬೇರು ಬರುತ್ತದೆ. ಚೈನಾ, ಟೀ, ಪನ್ನೀರು ಗುಲಾಬಿ ಸುಲಭ. 'ಮಾರೆಶಾಲ್ ನೀಲ್' ಹಾಗಲ್ಲ, ಸ್ವಂತ ಬೇರಿನಲ್ಲಿ ಬಡಕಲಾಗಿಯೇ ಉಳಿಯುತ್ತದೆ. ಅಂಥವಕ್ಕೆ ಕಣ್ಣು ಕಸಿಯೇ ಗತಿ, ಅವುಗಳ ಬುಡವನ್ನು ತಿಂಗಳಿಗೊಮ್ಮೆ ನೋಡಲೇಬೇಕು. ಕಡ್ಡಿ ತೆಗೆಯುವ ಮುಂಚೆ ಎಲೆಯಲ್ಲಿ ಹಳದಿ ಅಂಕುಡೊಂಕು ಗೆರೆಗಳಿವೆಯೇ ಎಂದು ಪರೀಕ್ಷಿಸಬೇಕು. ಇದ್ದರೆ ಅದು ಮೊಸಾಯಿಕ್ ನಂಜು ರೋಗ. ಔಷಧಿಯಿಲ್ಲ, ಕಸಿಯ ಮೂಲಕವೇ ಹರಡುತ್ತದೆ.

ಇನ್ನು ಚಾಟನಿ. ಈ ಪತ್ರದಲ್ಲಿ ತಮ್ಮಿಂದಲೇ ಆಗಬೇಕಾದ ತೀರ್ಮಾನ ಇದು. ಹೈಬ್ರಿಡ್ ಟೀ ಗಿಡವನ್ನು ಸವರಿದ ಸುಮಾರು 45 ದಿನಕ್ಕೆ ಹೂ ಬರುತ್ತದೆ. ಜನವರಿ ಮತ್ತು ಆಗಸ್ಟ್ ಪ್ರದರ್ಶನಕ್ಕೆ ಹೂ ಬೇಕೆಂದರೆ ಡಿಸೆಂಬರ್ ಮೊದಲ ವಾರಕ್ಕೆ, ಜೂನ್ ಕೊನೆಯ ವಾರಕ್ಕೆ ಗಟ್ಟಿಯಾಗಿ ಸವರಬೇಕು ಎಂಬ ಲೆಕ್ಕ ಹೊಸ ತಳಿಗಳಿಗೆ ಸರಿ. ಹಳೆಯವಕ್ಕೆ ಇದು ವಿಷ. ಟೀ ಗುಲಾಬಿ ತನ್ನ ಶಕ್ತಿಯನ್ನು ಹಳೆ ಕೊಂಬೆಗಳಲ್ಲಿ ಕೂಡಿಟ್ಟಿರುತ್ತದೆ. ಮೊಣಕಾಲೆತ್ತರಕ್ಕೆ ಕಡಿದರೆ ಅದು ಚೇತರಿಸಿಕೊಳ್ಳಲು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಮತ್ತೆ ಕಡಿದರೆ ಗಿಡ ಉಳಿಯುವುದಿಲ್ಲ. ವರ್ಷಕ್ಕೊಮ್ಮೆ ಹೂ ಬಿಡುವ ಡಮಾಸ್ಕ್ ಹಿಂದಿನ ವರ್ಷದ ಕೊಂಬೆಯಲ್ಲೇ ಮೊಗ್ಗು ಕಟ್ಟುತ್ತದೆ, ಡಿಸೆಂಬರಿನಲ್ಲಿ ಅದನ್ನು ಕಡಿದರೆ ಆ ವರ್ಷ ಹೂವೇ ಇಲ್ಲ. ಹೂ ಬಿಡದ ಗಿಡವೆಂದು ಮುಂದಿನ ವರ್ಷ ಅದನ್ನು ಕಿತ್ತೂ ಹಾಕುತ್ತಾರೆ! ಜೂನ್ ಕೊನೆಯ ಚಾಟನಿಗೆ ಇನ್ನೊಂದು ತೊಂದರೆಯಿದೆ. ಮಳೆಯಲ್ಲಿ ಗಾಯ ಒಣಗುವುದಿಲ್ಲ, ತುದಿಯಿಂದ ಕೆಳಕ್ಕೆ ಕಪ್ಪಾಗುತ್ತ ಬರುವ ಒಣಗು ರೋಗ ಹಿಡಿಯುತ್ತದೆ.

ಹಳೆ ಗುಲಾಬಿಗಳಿಗೆ ಮೊದಲ ಮೂರು ವರ್ಷ ಒಣ ಕಡ್ಡಿ, ಒಳಗೆ ಹೆಣೆದುಕೊಂಡ ಸಣ್ಣ ಕಡ್ಡಿ ಬಿಟ್ಟರೆ ಬೇರೇನೂ ತೆಗೆಯಬಾರದು. ಆಮೇಲೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಒಮ್ಮೆ ಹೂ ಬಿಡುವವನ್ನು ಹೂ ಮುಗಿದ ಕೂಡಲೇ ಸವರಬೇಕು. ದಪ್ಪ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು: ಮೈಲುತುತ್ತ ಒಂದು ಕೆ.ಜಿ., ಸುಣ್ಣ ಒಂದು ಕೆ.ಜಿ., ನೀರು ಹತ್ತು ಲೀಟರ್, ಇದೇ ಅಳತೆಯಲ್ಲಿ ಬೇಕಾದಷ್ಟು. ಆ ಮಡಿಗಳ ಮುಂದೆ 'ಪ್ರದರ್ಶನಕ್ಕೆ ಸವರುವಂತಿಲ್ಲ' ಎಂದು ಇಲಾಖೆಯ ಲಿಖಿತ ಆದೇಶವಿರಬೇಕು. ಪ್ರದರ್ಶನದ ಒತ್ತಡ ಬಂದಾಗ ಬಾಯಿಮಾತು ನಿಲ್ಲುವುದಿಲ್ಲ.

ಜಾಗದ ಲೆಕ್ಕ ಹೀಗಿದೆ. ಹತ್ತು ಗುಂಟೆ ಎಂದರೆ 10,890 ಚದರಡಿ. ದಾರಿ, ಕಾಲುವೆಗೆ ಮೂರನೇ ಒಂದು ಭಾಗ ಬಿಟ್ಟರೆ, ಆರಡಿಗೆ ಆರಡಿ ಅಂತರದಲ್ಲಿ 200 ಗಿಡ ಕೂರುತ್ತವೆ. ನೂರು ತಳಿಗೆ ಎರಡೆರಡು. ಹೊಸ ಗುಲಾಬಿಗಿರುವ ಎರಡೂವರೆ ಅಡಿ ಅಂತರ ಇವಕ್ಕೆ ಸಾಲದು, ಗಾಳಿ ಆಡದೆ ಅಕ್ಟೋಬರ್ ಮಳೆಗೆ ಕರಿಚುಕ್ಕೆ ರೋಗ ಬಂದು ಎಲೆಯೆಲ್ಲ ಉದುರುತ್ತದೆ. ಹಬ್ಬುವ ತಳಿಗಳನ್ನು ಬೇಲಿಗೆ ಬಿಡಿ. ಪ್ರತಿ ತಳಿಯ ಮೂರನೇ ಗಿಡ ಬೆಂಗಳೂರಿನಲ್ಲೇ ಇರಬಾರದು. ಊಟಿಯ ಫರ್ನ್‌ಹಿಲ್‌ನಲ್ಲಿ ನಮ್ಮ ತೋಟಗಾರಿಕೆ ಇಲಾಖೆಯದೇ ಉದ್ಯಾನವಿದೆ. ಚಳಿ ಬೇಡುವ ಡಮಾಸ್ಕ್‌ಗಳಿಗಂತೂ ಅದೇ ಸರಿಯಾದ ಜಾಗ.

ಹೆಸರಿನ ವಿಷಯದಲ್ಲಿ ದಯವಿಟ್ಟು ಅವಸರ ಬೇಡ. ಬಸವನಗುಡಿ, ಮಲ್ಲೇಶ್ವರ, ರಿಚ್ಮಂಡ್ ಟೌನ್, ವೈಟ್‌ಫೀಲ್ಡ್‌ನ ಹಳೆ ಮನೆಗಳ ಕಾಂಪೌಂಡು, ಹಳೆ ಸ್ಮಶಾನಗಳು, ಚಿಕ್ಕಮಗಳೂರು ಮತ್ತು ಕೊಡಗಿನ ಎಸ್ಟೇಟ್ ಬಂಗಲೆಗಳು ಹುಡುಕಬೇಕಾದ ಜಾಗಗಳು. ಮನೆ ಕೆಡವುವಾಗ ಗಿಡ ಜೆಸಿಬಿ ಪಾಲಾಗುವ ಮೊದಲು ಕಡ್ಡಿ ತಂದರೆ ಸಾಕು, ಹಳೆಯ ಗಿಡವನ್ನು ಕೀಳುವುದು ಬೇಡ. ಕಿತ್ತ ಮುದಿ ಗಿಡ ಹೆಚ್ಚಾಗಿ ಬದುಕುವುದಿಲ್ಲ. ಹೀಗೆ ಸಿಕ್ಕಿದ್ದಕ್ಕೆ ಊಹೆಯ ಮೇಲೆ ಪುಸ್ತಕದ ಹೆಸರು ಕಟ್ಟಬಾರದು. 'ಬಸವನಗುಡಿ ನಸುಗೆಂಪು 1' ಎಂಬಂತೆ ಸಿಕ್ಕ ಜಾಗದ ಹೆಸರಿಡಿ. ಮೊಗ್ಗು, ಪುಷ್ಪಪಾತ್ರೆಯ (ಹೂವಿನ ಬುಡದ ಹಸಿರು) ಎಸಳು, ಮುಳ್ಳಿನ ಆಕಾರ, ಕಾಯಿ, ಪರಿಮಳ, ಇಷ್ಟನ್ನೂ ಎರಡು ವರ್ಷ ಬರೆದಿಟ್ಟ ಮೇಲೆ ಹೆಸರು ನಿಶ್ಚಯಿಸಲಿ. ತಪ್ಪು ಹೆಸರಿನ ಗಿಡಕ್ಕಿಂತ ಹೆಸರಿಲ್ಲದ ಗಿಡ ಮೇಲು, ಯಾಕೆಂದರೆ ಅದನ್ನು ಇನ್ನೂ ಯಾರಾದರೂ ಹುಡುಕುತ್ತಿರುತ್ತಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮತ್ತು ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ ಎರಡೂ ಈ ಊರಲ್ಲೇ ಇವೆ. ಡಿಎನ್ಎ ಹೋಲಿಕೆ ಬೇಕಾದಾಗ ಕೇಳಲು ದೂರ ಹೋಗಬೇಕಿಲ್ಲ.

ಇಂಥ ಕೆಲಸ ಎಲ್ಲೂ ಆಗದ್ದೇನಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ನಿಕೋಲ್ಸ್ ಅರ್ಬೊರೇಟಂನಲ್ಲಿ 1922ರಿಂದ ಪಿಯೋನಿ ಹೂವಿನ ತೋಟವಿದೆ. ಪಿಯೋನಿಗೆ ಕೊರೆಯುವ ಚಳಿ ಬೇಕು, ಬೆಂಗಳೂರಿಗೆ ಬರುವ ಹೂವಲ್ಲ. ಆದರೆ ಅದನ್ನೂ ಬೀಜದಿಂದ ಉಳಿಸಲಾಗದು, ಬುಡ ಸೀಳಿಯೇ ಉಳಿಸಬೇಕು. ಮಾರುಕಟ್ಟೆ ಮರೆತ ಹಳೆ ತಳಿಗಳು ಅಲ್ಲಿ ಹೆಸರು ಸಮೇತ ಮಡಿಗಳಲ್ಲಿವೆ, ಜನ ಪ್ರತಿ ವರ್ಷ ಅದನ್ನು ನೋಡಲೆಂದೇ ಹೋಗುತ್ತಾರೆ. ನಮ್ಮಲ್ಲೂ ಜಾನ್ ಕ್ಯಾಮೆರಾನ್ ಅಧೀಕ್ಷಕರಾಗಿದ್ದ ಕಾಲದಲ್ಲೇ ಲಾಲ್‌ಬಾಗಿನ ಗಿಡಗಳ ಪಟ್ಟಿ ಅಚ್ಚಾಗಿತ್ತು. ಪಟ್ಟಿ ಇಡುವುದು ಈ ತೋಟಕ್ಕೆ ಹೊಸದಲ್ಲ.

ಫಲಕಗಳ ಬಗ್ಗೆ ಒಂದು ಮಾತು. ಪ್ಲಾಸ್ಟಿಕ್ ಫಲಕದ ಮೇಲಿನ ಮಾರ್ಕರ್ ಬರಹ ಒಂದು ಬೇಸಿಗೆಗೆ ಅಳಿಸುತ್ತದೆ. ಅಲ್ಯೂಮಿನಿಯಂ ಪಟ್ಟಿಯ ಮೇಲೆ ಮೆತ್ತನೆ ಪೆನ್ಸಿಲ್‌ನಲ್ಲಿ ಬರೆದದ್ದು ವರ್ಷಗಟ್ಟಲೆ ನಿಲ್ಲುತ್ತದೆ. ತಂತಿಯನ್ನು ಕೊಂಬೆಗೆ ಬಿಗಿದರೆ ಕೊಂಬೆ ದಪ್ಪವಾದಾಗ ಕೊರೆದು ಸಾಯಿಸುತ್ತದೆ, ಆದ್ದರಿಂದ ಗೂಟಕ್ಕೆ ಕಟ್ಟಿ, ಇನ್ನೊಂದನ್ನು ಬುಡದ ಮಣ್ಣಲ್ಲಿ ಹೂಳಿ. ಎರಡೂ ಕಳೆದರೂ ತಳಿ ಕಳೆಯದಂತೆ ಪ್ರತಿ ಗಿಡದ ಜಾಗ ಗುರುತಿಸಿದ ನಕ್ಷೆ ಕಚೇರಿಯಲ್ಲಿರಲಿ.

ಖರೀದಿಯಲ್ಲೂ ಒಂದು ಬದಲಾವಣೆ ಬೇಕು. 'ಬಗೆಬಗೆ ಬಣ್ಣದ ಗುಲಾಬಿ ಗಿಡ, ಇಷ್ಟು ಸಂಖ್ಯೆ' ಎಂದು ಟೆಂಡರ್ ಕರೆದರೆ ಬರುವುದು ಪಾಲಿಹೌಸಿನ ಕತ್ತರಿಸುವ ಹೂವಿನ ಗಿಡಗಳೇ. ಸತ್ತ ಹಳೆ ಗಿಡದ ಗುಂಡಿಗೆ ಅವು ಹೋಗುತ್ತವೆ. ಈ ಮಡಿಗಳಿಗೆ ಟೆಂಡರ್ ಗಿಡ ಬರಲೇಬಾರದು. ಖಾಲಿಯಾದ ಜಾಗ ಅದೇ ತಳಿಯ ಇನ್ನೊಂದು ಗಿಡ ಸಿದ್ಧವಾಗುವವರೆಗೆ ಖಾಲಿಯೇ ಇರಲಿ. ಮಾಲಿಗಳನ್ನು ಗುತ್ತಿಗೆ ಬದಲಾದಂತೆಲ್ಲ ಬದಲಿಸಬೇಡಿ ಎಂದು ಕೇಳುವುದೂ ಇದಕ್ಕೇ. ಯಾವ ಚಿಗುರು ಯಾವುದರದ್ದು ಎಂದು ಕಣ್ಣಿಗೆ ರೂಢಿಯಾಗಲು ಎರಡು ಮೂರು ಋತು ಬೇಕು.

ಕೊನೆಯದಾಗಿ ಕಾಲದ ಮಾತು. ಬೆಂಗಳೂರಿನಲ್ಲಿ ಕಣ್ಣು ಕಸಿಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಸಮಯ. ಆಗ ಕಸಿಗೆ ಸಿಗಬೇಕಾದ ಬೇರುಸಸಿಯ ಕಡ್ಡಿಗಳನ್ನು ಮುಂಗಾರಿನಲ್ಲೇ ನೆಟ್ಟಿರಬೇಕು, ಪೆನ್ಸಿಲ್ ದಪ್ಪಕ್ಕೆ ಬರಲು ಅವಕ್ಕೆ ಐದಾರು ತಿಂಗಳು ಹಿಡಿಯುತ್ತದೆ. ಈಗಿರುವ ಗಿಡಗಳ ಹೆಸರು ತಾಳೆ ನೋಡಲು ಜನವರಿ ಪ್ರದರ್ಶನ ಮುಗಿದ ನಂತರದ ಎರಡು ವಾರ ಸರಿಯಾದ ಹೊತ್ತು, ಆಗ ಹೆಚ್ಚಿನವು ಒಟ್ಟಿಗೆ ಹೂವಿನಲ್ಲಿರುತ್ತವೆ. ಆದೇಶ ಜೂನ್ ಒಳಗೆ ಹೊರಟರೆ ಮುಂದಿನ ಫೆಬ್ರವರಿಗೆ ಮೊದಲ ಕಸಿ ಗಿಡಗಳು ತಯಾರಾಗುತ್ತವೆ. ಆಗಸ್ಟ್ ದಾಟಿದರೆ ಇಡೀ ಒಂದು ವರ್ಷ ಹಿಂದೆ ಬೀಳುತ್ತೇವೆ. ಕಸಿ ಕಟ್ಟಲು, ಮಾಲಿಗಳಿಗೆ ಕಲಿಸಲು, ಹೆಸರು ತಾಳೆ ನೋಡಲು ನಾವು ಸಂಬಳವಿಲ್ಲದೆ ಬರುತ್ತೇವೆ. ಗುಂಡಿಗೆ ಬೇಕಾದ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ನೀರಿನ ಕೊಳವೆಯನ್ನಷ್ಟೇ ಇಲಾಖೆ ಒದಗಿಸಲಿ.

ಇಂತಿ ತಮ್ಮ ವಿಶ್ವಾಸಿಗಳು,
ಬೆಂಗಳೂರಿನ ಗುಲಾಬಿ ಬೆಳೆಗಾರರು ಮತ್ತು ಕಸಿಗಾರರು