ಭಾನುವಾರ ಬರುವ ಮುಂಚೆ ಇದನ್ನು ಓದಿ
ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 5ಕ್ಕೆ ಸೇರೋಣ, ವಿಷಯ ಮಿದುಳು ಮತ್ತು ಭಾಷೆ.

1861ರಲ್ಲಿ ಪ್ಯಾರಿಸ್ಸಿನ ಡಾಕ್ಟರ್ ಪಾಲ್ ಬ್ರೋಕಾ ನೋಡಿದ ಒಬ್ಬ ರೋಗಿಗೆ ಏನು ಕೇಳಿದರೂ ಬಾಯಿಂದ ಬರುತ್ತಿದ್ದದ್ದು ಹೆಚ್ಚುಕಮ್ಮಿ ‘ತಾನ್’ ಒಂದೇ, ಆದರೆ ಬೇರೆಯವರು ಹೇಳಿದ್ದು ಬಹುಪಾಲು ಅರ್ಥವಾಗುತ್ತಿತ್ತು. ಸತ್ತ ಮೇಲೆ ನೋಡಿದರೆ ಎಡ ಮಿದುಳಿನ ಮುಂಭಾಗ ಹಾಳಾಗಿತ್ತು. 1874ರಲ್ಲಿ ಜರ್ಮನ್ ಡಾಕ್ಟರ್ ಕಾರ್ಲ್ ವರ್ನಿಕೆ ಬರೆದದ್ದು ಇದರ ಉಲ್ಟಾ ಇದ್ದ ರೋಗಿಗಳ ಬಗ್ಗೆ. ಮಾತು ಸರಾಗ, ಅರ್ಥ ಮಾತ್ರ ಇಲ್ಲ! ಅವರಲ್ಲಿ ಪೆಟ್ಟು ಬಿದ್ದದ್ದು ಎಡ ಮಿದುಳಿನ ಇನ್ನೂ ಹಿಂದಿನ ಭಾಗಕ್ಕೆ.

ಹಾಗಂತ ಮಾತಿಗೊಂದು ಡಬ್ಬಿ, ಅರ್ಥಕ್ಕೊಂದು ಡಬ್ಬಿ ಅಂದುಕೊಳ್ಳಬೇಡಿ, ಮಿದುಳಿನ ಹಲವು ಭಾಗಗಳು ಸೇರಿ ಈ ಕೆಲಸ ಮಾಡುತ್ತವೆ.

ಸ್ಟ್ರೋಕ್ ಆಗಿ ಮಾತು ನಿಂತ ಕೆಲವರು ಹಳೇ ಹಾಡನ್ನು ಪದಗಳ ಸಮೇತ ಹಾಡುತ್ತಾರೆ. ಅಂಥವರನ್ನು ನೀವು ನೋಡಿದ್ದರೆ ಭಾನುವಾರ ಹೇಳಿ, ಸುಮ್ನೆ ಇಲ್ಲಿ ಫಾರ್ವರ್ಡ್ ಹಾಕಬೇಡಿ.