ಹರಿಕೇನ್‌ನ ಬಣ್ಣ ಹುಡುಕಿ ಕೊಟ್ಟವರಿಗೆ

ಅಂತೂ ಎರಡನೇ ಮಹಾಯುದ್ಧದ ಯುದ್ಧವಿಮಾನ ಹರಿಕೇನ್‌ನ ನನ್ನ ಪುಟ್ಟ ಮಾದರಿ ಮುಗಿಯಿತು. ಈಗ ಪೆರ್ಲದಲ್ಲಿ ನಮ್ಮ ಲೈಬ್ರರಿಯ ಗಾಜಿನ ಕಪಾಟಿನಲ್ಲಿ ಕೂತಿದೆ. ನೋಡಿದವರೆಲ್ಲ ನನ್ನ ಬೆನ್ನು ತಟ್ಟುತ್ತಿದ್ದಾರೆ. ಆದರೆ ನಾನು ಮಾಡಿದ್ದು ಉಜ್ಜಿ ಅಂಟಿಸುವ ಕೆಲಸ. ಬಣ್ಣ ಯಾವುದೆಂದು ಹುಡುಕಿ ಕೊಟ್ಟವರು ಬೇರೆ. ಅವರ ಲೆಕ್ಕ ಇಲ್ಲೇ ಚುಕ್ತಾ ಮಾಡುತ್ತೇನೆ.

ಇದು 1944ರಲ್ಲಿ ಇಂಫಾಲದಲ್ಲಿದ್ದ ನಮ್ಮ ವಾಯುಪಡೆಯ 1ನೇ ಸ್ಕ್ವಾಡ್ರನ್ನಿನ ವಿಮಾನ. ಆಗ ಅದರ ನಾಯಕ ಅರ್ಜನ್ ಸಿಂಗ್. ಅಸಲಿ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 40 ಅಡಿ. ನನ್ನದು 1/48 ಅಳತೆ, ಅಂದರೆ 10 ಇಂಚು. ಮೇಲ್ಭಾಗದ ಕಡುಹಸಿರು ಮತ್ತು ಮಣ್ಣುಗಂದು ಸುಲಭ. ತಲೆ ತಿಂದದ್ದು ರೆಕ್ಕೆಯ ಮೇಲಿನ ವೃತ್ತ, ವಿಮಾನ ಯಾರದೆಂದು ಹೇಳುವ ಗುರುತು.

ಬ್ರಿಟಿಷರ ಮಾಮೂಲಿ ವೃತ್ತದ ನಡುವೆ ಕೆಂಪು ಇರುತ್ತಿತ್ತು. ಜಪಾನಿನ ವಿಮಾನಗಳ ಗುರುತೂ ಕೆಂಪು ಸೂರ್ಯನೇ. ಅವಸರದಲ್ಲಿ ಕೆಂಪು ಕಂಡರೆ ತಮ್ಮವರ ಮೇಲೇ ಗುಂಡು ಹಾರಿಸುವ ಭಯ. ಹಾಗಾಗಿ ಈ ಕಡೆಯ ವಿಮಾನಗಳಲ್ಲಿ ಕೆಂಪನ್ನೇ ತೆಗೆದರು. ಆಮೇಲೆ ಬಿಳಿ ಜಾಸ್ತಿ ಎದ್ದು ಕಾಣುತ್ತದೆ ಅಂತ ಅದಕ್ಕೂ ನೀಲಿ ಬೆರೆಸಿದರು. ಕಡುನೀಲಿ, ಒಳಗೆ ತಿಳಿನೀಲಿ. ನನ್ನ ಮಾದರಿಯ ಪೆಟ್ಟಿಗೆಯಲ್ಲಿ ಬಂದ ಡೆಕಾಲ್‌ನಲ್ಲಿ, ಅಂದರೆ ಅಂಟಿಸುವ ಗುರುತಿನ ಚಿತ್ರದಲ್ಲಿ, ಮಾತ್ರ ಕೆಂಪೇ ಇತ್ತು!

ಸಿಕ್ಕಿದ ಫೋಟೋಗಳೆಲ್ಲ ಕಪ್ಪು-ಬಿಳುಪು. ಒಂದರಲ್ಲಿ ಪ್ರೊಪೆಲ್ಲರಿನ ತುದಿ ಕಪ್ಪಗಿತ್ತು, ಹಳದಿ ಇರಬೇಕಾದ ಜಾಗ. ಕುಂಬಳೆಯ ಸ್ಟುಡಿಯೋ ಮಾವನಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಫೋಟೋವನ್ನು ಮೂಗಿನ ಹತ್ತಿರ ಹಿಡಿದು, "ಇದು ಹಳೇ ಆರ್ಥೋ ಫಿಲ್ಮ್ ಮಾರಾಯ. ಅದರಲ್ಲಿ ಹಳದಿ, ಕೆಂಪು ಎರಡೂ ಕಪ್ಪಗೆ ಬೀಳ್ತದೆ, ನೀಲಿ ಬೆಳ್ಳಗಾಗ್ತದೆ" ಅಂದರು. ಆಮೇಲೆ ಎಲ್ಲ ಫೋಟೋಗಳನ್ನೂ ಮತ್ತೆ ಮೊದಲಿನಿಂದ ನೋಡಿದೆ. ಮಾವ, ನಿಮ್ಮ ಕಾಲಿಗೆ ಬೀಳಬೇಕು.

ದೆಹಲಿಯ ಅಳಿಯ ಪಾಲಂ ಮ್ಯೂಸಿಯಂನ ಹರಿಕೇನ್‌ನ ಮೂಲೆ ಮೂಲೆ ಫೋಟೋ ತೆಗೆದು ಕಳಿಸಿದ. ಮ್ಯೂಸಿಯಂನ ವಿಮಾನಗಳಿಗೆ ಆಮೇಲೆ ಬಣ್ಣ ಬಳಿದಿರುತ್ತಾರೆ, ಬಣ್ಣಕ್ಕೆ ಅದನ್ನು ನಂಬುವ ಹಾಗಿಲ್ಲ. ತಗಡಿನ ಜೋಡಣೆ ನೋಡಲು ಮಾತ್ರ ಅದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ.

ಉಪ್ಪಳದ ಪೈಂಟ್ ಅಂಗಡಿಯ ಇಕ್ಕ ಕಾರಿನ ಬಣ್ಣ ಬೆರೆಸುವವರು. ನನಗೆ ಬೇಕಾದದ್ದು ಒಂದು ಚಮಚ ನೀಲಿ. ನಗಲಿಲ್ಲ, ಬೈಯಲಿಲ್ಲ. ಹನಿ ಹನಿಯಾಗಿ ಬಿಳಿ ಹಾಕಿ, ಒಂದೊಂದು ಸಲವೂ ತಗಡಿನ ಮೇಲೆ ಬಳಿದು, ಒಣಗಿಸಿ ತೋರಿಸಿದರು. ಚಿಕ್ಕ ಮಾದರಿಯಲ್ಲಿ ಅಸಲಿ ಬಣ್ಣವೇ ಕಪ್ಪಗೆ ಕಾಣುತ್ತದೆ, ಸ್ವಲ್ಪ ತಿಳಿಯಾಗಿರಲಿ ಅಂದಾಗ ತಕ್ಷಣ ಅರ್ಥ ಮಾಡಿಕೊಂಡರು. ದುಡ್ಡು ಕೊಡಹೋದರೆ, "ವಿಮಾನ ಹಾರಿದ ಮೇಲೆ ಕೊಡಿ" ಅಂದರು.

ಇನ್ನು ಮನೆಯವಳು. ನಮ್ಮ ಮಳೆಗಾಲದಲ್ಲಿ ಸ್ಪ್ರೇ ಮಾಡಿದರೆ ಥಂಡಿಗೆ ಬಣ್ಣ ಬೆಳ್ಳಗೆ ಬೂದಿ ಹಿಡಿದಂತಾಗುತ್ತದೆ. ಹಲಸಿನ ಹಪ್ಪಳ ಒಣಗಿಸಲು ಅವಳು ಬಲ್ಬ್ ಹಾಕಿ ಮಾಡಿಸಿಕೊಂಡ ಪೆಟ್ಟಿಗೆಯ ಒಂದು ತಟ್ಟೆಯನ್ನು ರೆಕ್ಕೆಗಳಿಗೆ ಬಿಟ್ಟುಕೊಟ್ಟಳು. ಈ ಸಲದ ಹಪ್ಪಳಕ್ಕೆ ಥಿನ್ನರ್ ವಾಸನೆ ಇದೆ ಅಂತ ನೆಂಟರು ದೂರುತ್ತಿದ್ದಾರೆ. ಅದಕ್ಕೆ ಅವಳಲ್ಲ, ನಾನೇ ಜವಾಬ್ದಾರಿ.

ಮುಂದಿನದು ಸ್ಪಿಟ್‌ಫೈರ್. ಇಕ್ಕ, ಉಳಿದ ನೀಲಿ ಚೆಲ್ಲಬೇಡಿ.